ಫೋನ್ ತಿರುಗಿಸಿದರೆ ಎಲ್ಲಾ ಹಕ್ಕಿಗಳೂ ಕಾಗೆ

ಕಳ್ಳ ಸಿಕ್ಕಿಬಿದ್ದ. ಕಂಡ ಹಕ್ಕಿಗಳನ್ನು ಬರೆದಿಡಲು ನಾನು ಮಾಡಿರುವ ಆಂಡ್ರಾಯ್ಡ್ ಆ್ಯಪ್ 'ಹಕ್ಕಿ ಡೈರಿ'ಯಲ್ಲಿ ಫೋನ್ ಅಡ್ಡ ತಿರುಗಿಸಿದರೆ ಸಾಕು, ಮಿಂಚುಳ್ಳಿ, ಮೈನಾ, ಗುಬ್ಬಚ್ಚಿ ಎಲ್ಲವೂ ಕಾಗೆಯಾಗಿಬಿಡುತ್ತಿದ್ದವಲ್ಲ, ಆ ಬಗ್ ಕೊನೆಗೂ ಸತ್ತಿದೆ. ಈ ಸಲದ ಬರಹ ಪೂರ್ತಿ ಅದರದ್ದೇ. ಹೊಸ ಐಕಾನ್, ಡಾರ್ಕ್ ಥೀಮ್, ಹುಡುಕಾಟ ಎಲ್ಲವೂ ಆಗಿವೆ. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಫಾರ್ಮ್ ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ಸುತ್ತಾಟಕ್ಕೆ ಒಂದು ಪುಟ. ಪುಟದಲ್ಲಿ ಸಾಲುಗಳು. ಪ್ರತಿ ಸಾಲಿನಲ್ಲೂ ಹಕ್ಕಿಯ ಹೆಸರಿಗೆ ಒಂದು ಎಡಿಟ್‌ಟೆಕ್ಸ್ಟ್ (ಟೈಪ್ ಮಾಡುವ ಪೆಟ್ಟಿಗೆ), ಎಷ್ಟು ಕಂಡವು ಎಂದು ಎಣಿಸಲು ಪ್ಲಸ್-ಮೈನಸ್ ಇರುವ ಕೌಂಟರ್, 'ಕೂಗು ಮಾತ್ರ ಕೇಳಿದ್ದು' ಎಂಬ ಚೆಕ್‌ಬಾಕ್ಸ್. ಸಾಲಿನ ಲೇಔಟ್, ಅಂದರೆ ಯಾವುದು ಎಲ್ಲಿರಬೇಕು ಎನ್ನುವ ವಿವರಣೆ, ಒಂದೇ ಎಕ್ಸ್‌ಎಂಎಲ್ ಫೈಲ್. ಅದನ್ನೇ ಬೇಕಾದಷ್ಟು ಸಲ ಇನ್‌ಫ್ಲೇಟ್ ಮಾಡಿ (ಅದರಿಂದ ಸ್ಕ್ರೀನ್ ಮೇಲಿನ ಸಾಲು ಹುಟ್ಟಿಸಿ) ಒಂದರ ಕೆಳಗೊಂದು ಜೋಡಿಸುವ ಲೀನಿಯರ್‌ಲೇಔಟ್ ಒಳಗೆ ಸೇರಿಸುತ್ತೇನೆ. ಹತ್ತು ಹನ್ನೆರಡು ಸಾಲಿಗಿಂತ ಜಾಸ್ತಿ ಬರುವುದಿಲ್ಲ, ಅಷ್ಟಕ್ಕೆ ಉದ್ದ ಪಟ್ಟಿಗಳಿಗೆಂದೇ ಇರುವ ರೀಸೈಕ್ಲರ್‌ವ್ಯೂ ಯಾಕೆ ಬೇಕು? ಡೇಟಾ ವ್ಯೂಮಾಡೆಲ್‌ನಲ್ಲಿ (ಸ್ಕ್ರೀನ್‌ಗೆ ಬೇಕಾದ ಡೇಟಾವನ್ನು ಮೆಮೊರಿಯಲ್ಲಿ ಹಿಡಿದಿಡುವ ಭಾಗ), ಅದರ ಹಿಂದೆ ಫೋನ್‌ನಲ್ಲಿನ ಡೇಟಾಬೇಸ್ ನೋಡಿಕೊಳ್ಳುವ ರೂಮ್. ಸೇವ್ ಬಟನ್ ಇಲ್ಲ. ಪಠ್ಯ ಬದಲಾಗುವುದನ್ನು ಗಮನಿಸುವ ಟೆಕ್ಸ್ಟ್‌ವಾಚರ್ ಟೈಪ್ ಮಾಡಿದ್ದನ್ನು ಹಿಡಿದುಕೊಂಡು, ಅರ್ಧ ಸೆಕೆಂಡ್ ಕಾದು, ರೂಮ್‌ಗೆ ಬರೆಯುತ್ತದೆ. ಹಕ್ಕಿ ನೋಡುವವರ ಒಂದು ಕೈಯಲ್ಲಿ ಬೈನಾಕ್ಯುಲರ್ ಇರುತ್ತದೆ. 'ಸೇವ್ ಒತ್ತಿ' ಅಂತ ಅವರನ್ನು ಕಾಡುವುದು ಅನ್ಯಾಯ ಅಲ್ವಾ?

ಈಗ ಕಾಗೆಯ ಕಥೆ. ಐದು ಸಾಲು ತುಂಬಿಸಿದೆ ಅಂದುಕೊಳ್ಳಿ: ಮಿಂಚುಳ್ಳಿ ಎರಡು, ಮೈನಾ ನಾಲ್ಕು, ಗುಬ್ಬಚ್ಚಿ ಒಂಬತ್ತು, ಮರಕುಟಿಗ ಒಂದು, ಕಾಗೆ ಏಳು. ಫೋನ್ ಅಡ್ಡ ಮಾಡಿದೆ. ಕಾಗೆ ಎರಡು, ಕಾಗೆ ನಾಲ್ಕು, ಕಾಗೆ ಒಂಬತ್ತು, ಕಾಗೆ ಒಂದು, ಕಾಗೆ ಏಳು. ಲೆಕ್ಕವೆಲ್ಲ ಸರಿ, ಹೆಸರು ಮಾತ್ರ ಕಾಗೆ! ಮತ್ತೆ ನೆಟ್ಟಗೆ ಹಿಡಿದರೂ ಕಾಗೆ. ಆ್ಯಪ್ ಮುಚ್ಚಿ ತೆರೆದರೂ ಕಾಗೆ. ಅಂದರೆ ಇದು ಬರೀ ಸ್ಕ್ರೀನ್ ಮೇಲಿನ ತಮಾಷೆಯಲ್ಲ. ಡೇಟಾಬೇಸ್ ಇನ್‌ಸ್ಪೆಕ್ಟರ್ ತೆರೆದು ನೋಡಿದರೆ ಹೆಸರಿನ ಕಾಲಂ ಉದ್ದಕ್ಕೂ ಒಂದೇ ಪದ. ಸ್ಕ್ರೀನ್ ತಿರುಗಿದ್ದಕ್ಕೆ ಡೇಟಾಬೇಸ್ ಕೆಡುವುದು ಅಂದರೆ ಏನು ಗ್ರಹಚಾರ!

ತಲೆ ಕೆಡಿಸಿದ್ದು ಇದಲ್ಲ, ಮುಂದಿನದು. ಆಂಡ್ರಾಯ್ಡ್ ಕೋಡ್ ಬರೆಯುವ ನಮಗೆಲ್ಲ ಗೊತ್ತಿರುವ ಪಾಠ ಏನು? ಸ್ಕ್ರೀನ್ ತಿರುಗಿದರೆ ಆಕ್ಟಿವಿಟಿ (ಆ್ಯಪ್‌ನ ಒಂದು ಪುಟ) ಸತ್ತು ಹುಟ್ಟುತ್ತದೆ, ವ್ಯೂಮಾಡೆಲ್ ಉಳಿಯುತ್ತದೆ. ಪ್ರೊಸೆಸ್, ಅಂದರೆ ಓಡುತ್ತಿರುವ ಇಡೀ ಆ್ಯಪ್, ಸತ್ತರೆ ವ್ಯೂಮಾಡೆಲ್ಲೂ ಹೋಗುತ್ತದೆ, ವ್ಯವಸ್ಥೆ ಜೋಪಾನ ಮಾಡುವ ಬಂಡಲ್ ಎಂಬ ಗಂಟಿನಲ್ಲಿ ಇಟ್ಟಿದ್ದು ಮಾತ್ರ ವಾಪಸ್ ಬರುತ್ತದೆ. ಹಾಗಾಗಿ ತಿರುಗಿಸುವುದು ಸುಲಭದ ಪರೀಕ್ಷೆ, ಪ್ರೊಸೆಸ್ ಸಾಯಿಸುವುದು ಕಷ್ಟದ ಪರೀಕ್ಷೆ. ನನ್ನ ಆ್ಯಪ್‌ನಲ್ಲಿ ಎಲ್ಲ ತಲೆಕೆಳಗು. ಹೋಮ್ ಒತ್ತಿ, ಕಂಪ್ಯೂಟರ್‌ನಿಂದ ಫೋನ್ ನಿಯಂತ್ರಿಸುವ ಎಡಿಬಿಯಿಂದ ಕಿಲ್ ಕಮಾಂಡ್ ಕೊಟ್ಟು, ರೀಸೆಂಟ್ಸ್‌ನಿಂದ ಮತ್ತೆ ತೆರೆದರೆ ಹಕ್ಕಿಗಳೆಲ್ಲ ಅವರವರ ಹೆಸರಿನಲ್ಲೇ ಕೂತಿವೆ. ಡೆವಲಪರ್ ಆಪ್ಷನ್ಸ್‌ನಲ್ಲಿ 'ಡೋಂಟ್ ಕೀಪ್ ಆಕ್ಟಿವಿಟೀಸ್' (ಪುಟ ಬಿಟ್ಟೊಡನೆ ಅದನ್ನು ಕೆಡವುವ ಆಯ್ಕೆ) ಆನ್ ಮಾಡಿ ಹೊರಗೆ ಹೋಗಿ ಬಂದರೂ ಏನೂ ಆಗಿಲ್ಲ. ಸುಮ್ನೆ ಫೋನ್ ತಿರುಗಿಸಿದರೆ ಮಾತ್ರ ಕಾಗೆ ಹಿಂಡು. ಕಷ್ಟದ ಪರೀಕ್ಷೆಯಲ್ಲಿ ಪಾಸು, ಸುಲಭದ್ದರಲ್ಲಿ ಫೇಲು.

ವ್ಯೂಮಾಡೆಲ್ ಬದುಕಿದ್ದಾಗ ಮಾತ್ರ ಬಗ್ ಬರುತ್ತದೆ ಅಂದಮೇಲೆ ಅನುಮಾನ ಹೋಗುವುದು ಅದರ ಮೇಲೆಯೇ. ಅದನ್ನು ಬಿಚ್ಚಿ ಕಟ್ಟಿದೆ. ಲಿಸ್ಟ್ ಬದಲಾಗುವ ಜಾಗದಲ್ಲೆಲ್ಲ ಲಾಗ್ ಹಾಕಿದೆ. ಪುಟ ಹುಟ್ಟುವಾಗ ಓಡುವ ಆನ್‌ಕ್ರಿಯೇಟ್ ಮುಗಿಯುವಾಗ ಲಿಸ್ಟ್ ಸರಿಯಾಗಿದೆ. ಪುಟ ಕಣ್ಣಿಗೆ ಬೀಳುವಾಗ ಓಡುವ ಆನ್‌ಸ್ಟಾರ್ಟ್ ಮುಗಿಯುವಾಗಲೂ ಸರಿಯಾಗಿದೆ. ಅದಾದ ಮೇಲೆ ಟಪಟಪ ಅಂತ ಐದು ಸಾಲಿಗೂ ಕಾಗೆ ಬಂದು ಬೀಳುತ್ತದೆ, ಅದೂ ನನ್ನದೇ ಟೆಕ್ಸ್ಟ್‌ವಾಚರ್ ಮೂಲಕ. ಯಾರೋ ಸೆಟ್‌ಟೆಕ್ಸ್ಟ್ (ಪೆಟ್ಟಿಗೆಗೆ ಪಠ್ಯ ತುಂಬುವ ಆದೇಶ) ಕರೆಯುತ್ತಿದ್ದಾರೆ. ನನ್ನ ಕೋಡ್ ಅಂತೂ ಅಲ್ಲಿ ಕರೆಯುತ್ತಿಲ್ಲ.

ವಾಚರ್ ಒಳಗೆ ಬ್ರೇಕ್‌ಪಾಯಿಂಟ್ ಇಟ್ಟು ಕೋಡ್ ನಿಲ್ಲಿಸಿ, ಯಾರು ಯಾರನ್ನು ಕರೆದರು ಎಂದು ತೋರಿಸುವ ಸ್ಟ್ಯಾಕ್ ನೋಡಿದೆ. ನನ್ನ ವಾಚರ್ ಮೇಲೆ, ಅದರ ಕೆಳಗೆ ಟೆಕ್ಸ್ಟ್‌ವ್ಯೂನ (ಎಡಿಟ್‌ಟೆಕ್ಸ್ಟ್‌ನ ಮೂಲ ಕ್ಲಾಸ್) ಸೆಟ್‌ಟೆಕ್ಸ್ಟ್, ಅದರ ಕೆಳಗೆ ಟೆಕ್ಸ್ಟ್‌ವ್ಯೂನದೇ ಆನ್‌ರಿಸ್ಟೋರ್‌ಇನ್‌ಸ್ಟನ್ಸ್‌ಸ್ಟೇಟ್, ಅಂದರೆ ಉಳಿಸಿಟ್ಟ ಸ್ಥಿತಿಯನ್ನು ವಾಪಸ್ ತುಂಬುವ ಕೋಡ್. ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಆಗುತ್ತಿದ್ದದ್ದು ಇಷ್ಟು. ಆಂಡ್ರಾಯ್ಡ್‌ನಲ್ಲಿ ಐಡಿ ಇರುವ ಪ್ರತಿ ವ್ಯೂ (ಸ್ಕ್ರೀನ್ ಮೇಲಿನ ಪ್ರತಿ ಅಂಶ) ತನ್ನ ಸ್ಥಿತಿಯನ್ನು ತಾನೇ ಉಳಿಸಿಕೊಳ್ಳುತ್ತದೆ: ಎಡಿಟ್‌ಟೆಕ್ಸ್ಟ್ ಆದರೆ ಪಠ್ಯ ಮತ್ತು ಕರ್ಸರ್, ಚೆಕ್‌ಬಾಕ್ಸ್ ಆದರೆ ಟಿಕ್, ಸ್ಕ್ರಾಲ್‌ವ್ಯೂ ಆದರೆ ಎಲ್ಲಿಗೆ ಸ್ಕ್ರಾಲ್ ಆಗಿದೆ ಎನ್ನುವುದು. ಇದೆಲ್ಲ ಹೋಗಿ ಬೀಳುವುದು ಒಂದೇ ಸ್ಪಾರ್ಸ್‌ಅರೇಗೆ (ಸಂಖ್ಯೆಯ ಕೀ ಕೊಟ್ಟು ಹುಡುಕುವ ಪಟ್ಟಿ), ಕೀ ಅಂದರೆ ವ್ಯೂನ ಐಡಿ. ನನ್ನ ಐದು ಸಾಲೂ ಒಂದೇ ಎಕ್ಸ್‌ಎಂಎಲ್‌ನಿಂದ ಹುಟ್ಟಿದ್ದು, ಐದು ಎಡಿಟ್‌ಟೆಕ್ಸ್ಟ್‌ಗೂ ಒಂದೇ ಐಡಿ. ಮಿಂಚುಳ್ಳಿಯನ್ನು ಬರೆಯಿತು, ಅದರ ಮೇಲೆ ಮೈನಾ ಬಂತು, ಅದರ ಮೇಲೆ ಗುಬ್ಬಚ್ಚಿ, ಹೀಗೇ ಕೊನೆಗೆ ಉಳಿದದ್ದು ಕಾಗೆ. ವಾಪಸ್ ತುಂಬುವಾಗ ಐದೂ ವ್ಯೂಗಳು ಬಂದು 'ನನ್ನ ಐಡಿಯದ್ದು ಏನಿದೆ?' ಅಂತ ಕೇಳುತ್ತವೆ. ಐದಕ್ಕೂ ಕಾಗೆ ಸಿಗುತ್ತದೆ. ಖಚಿತ ಮಾಡಿಕೊಳ್ಳಲು ಕೊನೆಯ ಸಾಲಿನಲ್ಲಿ ಗೂಬೆ ಅಂತ ಬರೆದು ತಿರುಗಿಸಿದೆ. ಪುಟ ಪೂರ್ತಿ ಗೂಬೆ.

ಇಷ್ಟರಿಂದ ಸ್ಕ್ರೀನ್ ಮಾತ್ರ ಕೆಡಬೇಕಿತ್ತು. ಡೇಟಾ ಕೆಟ್ಟಿದ್ದು ಸಮಯದ ಆಟದಿಂದ. ಈ ವಾಪಸ್ ತುಂಬುವ ಕೆಲಸ ಆನ್‌ಕ್ರಿಯೇಟ್‌ನಲ್ಲಿ ನಡೆಯುವುದಿಲ್ಲ, ಆನ್‌ಸ್ಟಾರ್ಟ್ ಆದಮೇಲೆ ನಡೆಯುತ್ತದೆ. ಅಷ್ಟರಲ್ಲಿ ಸಾಲುಗಳು ಸಿದ್ಧವಾಗಿವೆ, ವಾಚರ್‌ಗಳು ಕಿವಿ ನೆಟ್ಟು ಕೂತಿವೆ. ವ್ಯವಸ್ಥೆ ಸೆಟ್‌ಟೆಕ್ಸ್ಟ್ ಮಾಡಿತೋ ಮನುಷ್ಯ ಟೈಪ್ ಮಾಡಿದನೋ ವಾಚರ್‌ಗೆ ಗೊತ್ತಾಗುವುದಿಲ್ಲ. ಐದು ಸಲ ಕಾಗೆ ಟೈಪ್ ಆಯಿತು ಅಂದುಕೊಂಡು, ಶಿಸ್ತಾಗಿ ಅರ್ಧ ಸೆಕೆಂಡ್ ಕಾದು, ರೂಮ್‌ಗೆ ಬರೆದು ಕೈತೊಳೆದುಕೊಂಡಿತು.

ಪ್ರೊಸೆಸ್ ಸತ್ತಾಗ ಯಾಕೆ ಆಗುತ್ತಿರಲಿಲ್ಲ? ಆಗ ವ್ಯೂಮಾಡೆಲ್ ಹೊಸದು, ಒಳಗೆ ಏನೂ ಇಲ್ಲ. ರೂಮ್ ಉತ್ತರ ಕೊಡುವುದು ಸ್ವಲ್ಪ ತಡವಾಗಿ. ವ್ಯವಸ್ಥೆ ಬಂಡಲ್ ಹಿಡಿದು ಬಂದಾಗ ಪುಟದಲ್ಲಿ ಒಂದು ಸಾಲೂ ಇಲ್ಲ, ಕಾಗೆಯನ್ನು ಇಸಿದುಕೊಳ್ಳಲು ಯಾರೂ ಇಲ್ಲ. ಆಮೇಲೆ ಬಂದ ಸಾಲುಗಳು ಹಳೆಯದನ್ನು ಕೇಳುವುದೇ ಇಲ್ಲ. ಪಾಸಾಗಿದ್ದು ಆ್ಯಪ್‌ನ ಜಾಣತನದಿಂದಲ್ಲ, ರೂಮ್ ನಿಧಾನವಾಗಿದ್ದರಿಂದ!

ಸುತ್ತಾಟಗಳ ಪಟ್ಟಿ ಇರುವ ಇನ್ನೊಂದು ಪುಟದಲ್ಲೂ ಸಾಲುಗಳ ಐಡಿ ಒಂದೇ, ಆದರೂ ಅಲ್ಲಿ ಯಾವ ಗಲಾಟೆಯೂ ಇರಲಿಲ್ಲ. ಅದು ರೀಸೈಕ್ಲರ್‌ವ್ಯೂ. ಅದು ತನ್ನ ಸ್ಥಿತಿಯನ್ನು ಮಾತ್ರ ಉಳಿಸುತ್ತದೆ, ಮಕ್ಕಳ (ಒಳಗಿನ ವ್ಯೂಗಳ) ತನಕ ಆ ಕೆಲಸವನ್ನು ಹೋಗಲು ಬಿಡುವುದೇ ಇಲ್ಲ. ಹಳೆಯ ಲಿಸ್ಟ್‌ವ್ಯೂ ಕೂಡ ಹಾಗೇ.

ಇನ್ನು ಕೌಂಟರ್. ಲೆಕ್ಕ ಮಾತ್ರ ಯಾಕೆ ಕೆಡಲಿಲ್ಲ ಅಂತ ಕೇಳಿದರೆ ನಗು ಬರುತ್ತದೆ. ಅದು ನಾನು ಬರೆದದ್ದಲ್ಲ, ಯಾರದೋ ಓಪನ್ ಸೋರ್ಸ್ ಲೈಬ್ರರಿ. ಅದರ ರೀಡ್‌ಮಿಯಲ್ಲಿ 'ಪ್ರೊಡಕ್ಷನ್‌ಗೆ ಸಿದ್ಧ' ಅಂತ ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದಾರೆ. ಒಳಗೆ ನೋಡಿದರೆ ಸ್ಥಿತಿ ಉಳಿಸುವ ಒಂದು ಸಾಲು ಕೋಡ್ ಇಲ್ಲ. ಇದರ ಬಗ್ಗೆ ಇಶ್ಯೂ ತೆರೆದಿದ್ದೆ. ಮನುಷ್ಯರು ಯಾರೂ ಉತ್ತರ ಕೊಡಲಿಲ್ಲ. ಒಂದು ಬಾಟ್ ಬಂದು 'ಬಹಳ ದಿನದಿಂದ ಚಟುವಟಿಕೆ ಇಲ್ಲ' ಅಂತ ಮುಚ್ಚಿ ಹೋಯಿತು. ಈಗ ನೋಡಿ, ಆ ಸೋಮಾರಿತನವೇ ನನ್ನ ಲೆಕ್ಕ ಕಾಪಾಡಿತು. ಏನನ್ನೂ ಉಳಿಸದ ವ್ಯೂಗೆ ವಾಪಸ್ ತುಂಬುವುದೂ ಏನಿಲ್ಲ, ವ್ಯೂಮಾಡೆಲ್ ಕೊಟ್ಟ ಸಂಖ್ಯೆಯೇ ನಿಂತಿತು. ಹೊಟ್ಟೆ ತುಂಬಾ ಬೈಯಬೇಕೋ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಚೆಕ್‌ಬಾಕ್ಸ್ ಮಾತ್ರ ಎಡಿಟ್‌ಟೆಕ್ಸ್ಟ್ ದಾರಿಯನ್ನೇ ಹಿಡಿದಿತ್ತು: ಕೊನೆಯ ಸಾಲಿಗೆ ಟಿಕ್ ಹಾಕಿ ತಿರುಗಿಸಿದರೆ ಐದಕ್ಕೂ ಟಿಕ್.

ಪರಿಹಾರ ಅಂತ ನೋಡಿದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಎಕ್ಸ್‌ಎಂಎಲ್‌ನಲ್ಲಿ ಸೇವ್‌ಎನೇಬಲ್ಡ್ ಅನ್ನು ಫಾಲ್ಸ್ ಮಾಡಿದರೆ ಆ ವ್ಯೂ ಉಳಿಸುವುದನ್ನೇ ನಿಲ್ಲಿಸುತ್ತದೆ. ಕಾಗೆಗಳು ಹಾರಿಹೋದವು. ಅಲ್ಲಿಗೇ ಮುಗಿಸಬಹುದಿತ್ತು, ಆದರೆ ಕರ್ಸರ್ ಕೈಕೊಟ್ಟಿತು. 'ಮರಕು' ತನಕ ಟೈಪ್ ಮಾಡಿ ಫೋನ್ ತಿರುಗಿಸಿದರೆ ಪಠ್ಯ ಇದೆ, ಕರ್ಸರ್ ಹೋಗಿ ಮೊದಲಿಗೆ ಕೂತಿದೆ. ಟೈಪ್ ಮುಂದುವರಿಸಿದರೆ 'ಟಿಗಮರಕು'. ಇಂಥ ಹಕ್ಕಿಯನ್ನು ಯಾರೂ ಕಂಡಿಲ್ಲ.

ಹಾಗಾಗಿ ಸಾಲಿಗೆ ಒಂದು ಸ್ವಂತ ಕ್ಲಾಸ್ ಮಾಡಿದೆ. ಅದರ ಡಿಸ್ಪ್ಯಾಚ್‌ಸೇವ್‌ನಲ್ಲಿ ಡಿಸ್ಪ್ಯಾಚ್‌ಫ್ರೀಜ್‌ಸೆಲ್ಫ್‌ಓನ್ಲಿ ಮಾತ್ರ, ಅಂದರೆ ರೀಸೈಕ್ಲರ್‌ವ್ಯೂ ಹಾಗೆ ತನ್ನ ಸ್ಥಿತಿಯನ್ನಷ್ಟೇ ಉಳಿಸುವುದು. ಮಕ್ಕಳ ಸ್ಥಿತಿಯನ್ನು ಸಾಲಿನದೇ ಬೇರೆ ಸ್ಪಾರ್ಸ್‌ಅರೇಯಲ್ಲಿ ಹಾಕಿ, ಅದನ್ನು ಸಾಲಿನ ಸ್ಥಿತಿಯ ಜೊತೆ ಕೊಡುತ್ತೇನೆ. ಈಗ ಸಾಲಿಗೊಂದು ಅರೇ, ಒಂದರ ಮೇಲೊಂದು ಬೀಳುವ ಪ್ರಶ್ನೆ ಇಲ್ಲ. ಆದರೆ ಸಾಲಿಗೇ ಒಂದು ಬೇರೆ ಐಡಿ ಬೇಕಲ್ಲ? ಜನರೇಟ್‌ವ್ಯೂಐಡಿ ಬಳಸಿದರೆ ಪ್ರತಿ ಸಲ ಹೊಸ ಸಂಖ್ಯೆ ಬರುತ್ತದೆ, ತಿರುಗಿಸಿದ ಮೇಲೆ ಹಳೆಯ ಐಡಿ ಹುಡುಕಿದರೆ ಸಿಗುವುದಿಲ್ಲ. ರೂಮ್‌ನಲ್ಲಿ ಪ್ರತಿ ಸಾಲಿಗೂ ಇರುವ ಗುರುತಿನ ಸಂಖ್ಯೆ, ಅಂದರೆ ಪ್ರೈಮರಿ ಕೀಯನ್ನೇ ಐಡಿ ಮಾಡಿದೆ. ಎಕ್ಸ್‌ಎಂಎಲ್‌ನಿಂದ ಬರುವ ರಿಸೋರ್ಸ್ ಐಡಿಗಳು ತುಂಬಾ ದೊಡ್ಡ ಸಂಖ್ಯೆಗಳು, ನನ್ನ ಪುಟ್ಟ ಕೀಗಳು ಅವುಗಳ ತಂಟೆಗೆ ಹೋಗುವುದಿಲ್ಲ. ಹೊಸ ಸಾಲನ್ನು ಮೊದಲು ರೂಮ್‌ಗೆ ಸೇರಿಸಿ, ಕೀ ಬಂದ ಮೇಲೆಯೇ ತೋರಿಸಬೇಕು, ಅಷ್ಟೇ ನಿಯಮ.

ಇದೇ ಕ್ಲಾಸ್‌ನ ಡಿಸ್ಪ್ಯಾಚ್‌ರಿಸ್ಟೋರ್‌ನಲ್ಲಿ ವಾಚರ್ ತೆಗೆದು, ಸ್ಥಿತಿ ತುಂಬಿಸಿ, ವಾಚರ್ ಮತ್ತೆ ಹಾಕುತ್ತೇನೆ. ಈಗ ವ್ಯವಸ್ಥೆ ಏನು ಬೇಕಾದರೂ ಬರೆದುಕೊಳ್ಳಲಿ, ರೂಮ್ ತನಕ ಹೋಗುವುದಿಲ್ಲ. ಫ್ರಾಗ್ಮೆಂಟ್ (ಪುಟದೊಳಗಿನ ತುಂಡು ಪುಟ) ಬಳಸುವವರು ಆನ್‌ವ್ಯೂಸ್ಟೇಟ್‌ರಿಸ್ಟೋರ್ಡ್ ಆದಮೇಲೆ ವಾಚರ್ ಹಾಕಿದರೆ ಸಾಕು.

ಖುಷಿಯಾಗಿ ತಿರುಗಿಸಿದೆ, ಸರಿ ಇದೆ. ಪ್ರೊಸೆಸ್ ಸಾಯಿಸಿ ತೆರೆದೆ, ಕ್ರ್ಯಾಶ್! ಸ್ಕ್ರೀನ್ ತಿರುಗಿದಾಗ ಬಂಡಲ್ ಅದೇ ಪ್ರೊಸೆಸ್‌ನ ಮೆಮೊರಿಯಲ್ಲೇ ಕೂತಿರುತ್ತದೆ, ಪಾರ್ಸಲ್ ಆಗುವುದಿಲ್ಲ, ಅಂದರೆ ಬೈಟ್‌ಗಳಾಗಿ ಬದಲಾಗುವುದಿಲ್ಲ. ಪ್ರೊಸೆಸ್ ಸತ್ತಾಗ ಮಾತ್ರ ನಿಜವಾಗಿ ಪಾರ್ಸಲ್ ಆಗಿ ವಾಪಸ್ ಬರುತ್ತದೆ. ಒಳಗಿನ ಅರೇಯನ್ನು ಓದುವಾಗ ಕ್ಲಾಸ್‌ಲೋಡರ್ (ಕ್ಲಾಸ್‌ಗಳನ್ನು ಹುಡುಕಿ ತರುವ ಭಾಗ) ಕೊಡದಿದ್ದರೆ, ಆಂಡ್ರಾಯ್ಡ್ ಫ್ರೇಮ್‌ವರ್ಕ್‌ನ ಕ್ಲಾಸ್‌ಗಳು ಸಿಗುತ್ತವೆ, ಲೈಬ್ರರಿಯಿಂದ ಬಂದ ಚೆಕ್‌ಬಾಕ್ಸ್‌ನ ಸ್ಟೇಟ್ ಕ್ಲಾಸ್ ಸಿಗುವುದಿಲ್ಲ. ಕ್ಲಾಸ್‌ಲೋಡರ್ ಕೊಟ್ಟೆ, ಸುಮ್ಮನಾಯಿತು. ಎರಡೂ ಪರೀಕ್ಷೆ ಬೇಕೇ ಬೇಕು ಅನ್ನುವುದು ಇದಕ್ಕೇ.

ಆ ಅರ್ಧ ಸೆಕೆಂಡ್ ಬಗ್ಗೆಯೂ ಒಂದು ಮಾತು. ಕೆಲವು ಫೋನ್ ತಯಾರಕರ ಬ್ಯಾಟರಿ ಸೇವರ್‌ಗಳು ಸ್ಕ್ರೀನ್ ಆಫ್ ಆಗುವುದನ್ನೇ ಕಾಯುತ್ತಿರುತ್ತವೆ, ಆಫ್ ಆದ ತಕ್ಷಣ ಆ್ಯಪ್ ಕತ್ತು ಹಿಸುಕುತ್ತವೆ. ಇನ್ನೂ ಬರೆಯದೆ ಕಾಯುತ್ತಿದ್ದ ಹೆಸರು ಅಲ್ಲೇ ಹೋಯಿತು. ಹಾಗಾಗಿ ಪುಟ ಮರೆಯಾಗುವಾಗ ಓಡುವ ಆನ್‌ಸ್ಟಾಪ್‌ನಲ್ಲಿ ಕಾಯುವುದೆಲ್ಲ ರದ್ದು, ಇದ್ದದ್ದನ್ನು ತಕ್ಷಣ ಬರೆಯಬೇಕು. ಅದನ್ನು ವ್ಯೂಮಾಡೆಲ್‌ಸ್ಕೋಪ್‌ನಲ್ಲಿ (ವ್ಯೂಮಾಡೆಲ್ ಇರುವ ತನಕ ಮಾತ್ರ ಕೆಲಸ ಓಡಿಸುವ ವ್ಯಾಪ್ತಿ) ಬರೆಯಲು ಹೋಗಬೇಡಿ. ಬ್ಯಾಕ್ ಒತ್ತಿ ಪುಟ ಮುಗಿದರೆ ವ್ಯೂಮಾಡೆಲ್ ಕ್ಲಿಯರ್ ಆಗುತ್ತದೆ, ಸ್ಕೋಪ್ ಜೊತೆಗೆ ಬರವಣಿಗೆಯೂ ರದ್ದಾಗುತ್ತದೆ. ಇಡೀ ಆ್ಯಪ್‌ಗೆ ಒಂದು ಸ್ಕೋಪ್ ಇಟ್ಟು ಅದರಲ್ಲಿ ಬರೆಯಿರಿ.

'ಕಂಪೋಸ್‌ಗೆ ಹೋಗು ಮಾರಾಯ, ಐಡಿಯ ರಗಳೆಯೇ ಇಲ್ಲ' ಅಂತ ಯಾರಾದರೂ ಹೇಳಿಯೇ ಹೇಳುತ್ತೀರಿ. ಕಂಪೋಸ್ ಅಂದರೆ ಎಕ್ಸ್‌ಎಂಎಲ್ ಇಲ್ಲದೆ ಕೋಡ್‌ನಲ್ಲೇ ಸ್ಕ್ರೀನ್ ಬರೆಯುವ ಹೊಸ ವಿಧಾನ. ಹೋಗುತ್ತೇನೆ. ಆದರೆ ಅಲ್ಲೂ ಪಟ್ಟಿ ತೋರಿಸುವ ಲೇಜಿಕಾಲಂಗೆ ಕೀ ಕೊಡದೆ ಸ್ಥಿತಿ ಉಳಿಸುವ ರಿಮೆಂಬರ್‌ಸೇವಬಲ್ ಬಳಸಿದರೆ ಸ್ಥಿತಿ ಅಂಟಿಕೊಳ್ಳುವುದು ಸಾಲಿನ ಸ್ಥಾನಕ್ಕೆ, ಹಕ್ಕಿಗಲ್ಲ. ಮೇಲೆ ಒಂದು ಹೊಸ ಸಾಲು ಸೇರಿಸಿ ನೋಡಿ, ಮೈನಾದ ಟಿಕ್ ಮಿಂಚುಳ್ಳಿಗೆ ಹೋಗಿರುತ್ತದೆ. ಕಾಗೆ ಇನ್ನೊಂದು ಕಿಟಕಿಯಿಂದ ಒಳಗೆ ಬರುತ್ತದೆ, ಅಷ್ಟೇ.

ಕಂಪೋಸ್ ಅಂದಾಗ ನೆನಪಾಯಿತು, ಮುಂದಿನ ಪ್ರಾಜೆಕ್ಟ್ ಅದರಲ್ಲೇ. ಹಕ್ಕಿಯ ಕೂಗು ರೆಕಾರ್ಡ್ ಮಾಡಿ ಸ್ಪೆಕ್ಟ್ರೋಗ್ರಾಂ (ಧ್ವನಿಯ ಚಿತ್ರ) ತೋರಿಸುವ ಆ್ಯಪ್. ಬೆರಳಿಂದ ಎಳೆದು ಒಂದು ತುಣುಕನ್ನು ಆರಿಸಿ ಅದನ್ನೇ ಡೈರಿಯ ಸಾಲಿಗೆ ಅಂಟಿಸಬೇಕು. 16 ಬಿಟ್, ಮೋನೋ, ಸೆಕೆಂಡಿಗೆ 44,100 ಸ್ಯಾಂಪಲ್ ಅಂದರೆ ಒಂದು ನಿಮಿಷಕ್ಕೆ ಸುಮಾರು 5.3 ಎಂಬಿ. ಬಂಡಲ್ ವ್ಯವಸ್ಥೆಗೆ ಹೋಗುವುದು ಬೈಂಡರ್ ಮೂಲಕ, ಅದರ ಬಫರ್ ಇರುವುದೇ 1 ಎಂಬಿ, ಅದೂ ಪ್ರೊಸೆಸ್‌ನಲ್ಲಿ ಆಗ ನಡೆಯುತ್ತಿರುವ ಎಲ್ಲ ವ್ಯವಹಾರಗಳಿಗೂ ಸೇರಿ. ಆಂಡ್ರಾಯ್ಡ್ 7ರಿಂದ ಈಚೆಗೆ ಬಂಡಲ್ ಮಿತಿ ಮೀರಿದರೆ ಆ್ಯಪ್ ನೇರ ಕ್ರ್ಯಾಶ್. ಆದ್ದರಿಂದ ಧ್ವನಿ ಫೈಲ್‌ನಲ್ಲಿ, ಬಂಡಲ್‌ಗೆ ಫೈಲ್‌ನ ಹೆಸರು, ಜೂಮ್ ಎಷ್ಟು, ಆರಿಸಿದ ತುಣುಕಿನ ಎರಡು ತುದಿ ಮಾತ್ರ. ರೆಕಾರ್ಡ್ ಆಗುತ್ತಿರುವಾಗಲೇ ಫೋನ್ ತಿರುಗಿದರೆ? ಅದಕ್ಕೆ ಫೋರ್‌ಗ್ರೌಂಡ್ ಸರ್ವಿಸ್, ಅದರ ನೋಟಿಫಿಕೇಶನ್, ಪರ್ಮಿಷನ್... ಇರಲಿ, ಈಗಲೇ ಆ ಗುಂಗು ಬೇಡ.

ಕೆಟ್ಟ ಡೇಟಾ ಏನಾಯಿತು ಅಂದರೆ, ಹಳೆಯ ಸಿಎಸ್‌ವಿ ಎಕ್ಸ್‌ಪೋರ್ಟ್ ಒಂದಿತ್ತು. ಪ್ರೈಮರಿ ಕೀ ಹೊಂದಿಸಿ ಹೆಸರುಗಳನ್ನು ವಾಪಸ್ ತಂದೆ. ಅದರ ನಂತರದ ಸುತ್ತಾಟಗಳು ಇನ್ನೂ ಕಾಗೆಮಯ. ಲೆಕ್ಕ ಸರಿ ಇರುವುದರಿಂದ ಒಂದಷ್ಟನ್ನು ಊಹಿಸಬಹುದು, ಉಳಿದವನ್ನು ಅಳಿಸುತ್ತೇನೆ.

ಫಾರ್ಮ್‌ನಲ್ಲಿ ಇನ್ನು ಬಾಕಿ ಇರುವುದು ಆ ಕೌಂಟರ್. ಲೈಬ್ರರಿ ತೆಗೆದು ಸ್ವಂತದ್ದು ಬರೆಯುತ್ತಿದ್ದೇನೆ: ಎರಡು ಬಟನ್, ಒಂದು ಸಂಖ್ಯೆ, ಒತ್ತಿ ಹಿಡಿದರೆ ಬೇಗ ಬೇಗ ಏರಬೇಕು. ಸದ್ಯಕ್ಕೆ ಒತ್ತಿ ಹಿಡಿದಾಗ ಫೋನ್ ತಿರುಗಿದರೆ ಬೆರಳು ತೆಗೆದಿದ್ದು ಅದಕ್ಕೆ ತಿಳಿಯುತ್ತಲೇ ಇಲ್ಲ. ಸಂಖ್ಯೆಯನ್ನು ಮತ್ತೆ ಮತ್ತೆ ಏರಿಸುವ ಹಳೆಯ ಆಕ್ಟಿವಿಟಿಯ ಹ್ಯಾಂಡ್ಲರ್ ಹಿನ್ನೆಲೆಯಲ್ಲಿ ಗುಬ್ಬಚ್ಚಿಗಳನ್ನು ಎಣಿಸುತ್ತಲೇ ಇರುತ್ತದೆ. ವ್ಯೂ ಡಿಟ್ಯಾಚ್ ಆದಾಗ ಅದನ್ನು ನಿಲ್ಲಿಸುವ ಕೋಡ್ ನಾಳೆ ಬರೆಯಬೇಕು.