ಬೀಡಿ ಕಟ್ಟುವ ಕೈಯ ಫೋಟೋ ತೆಗೆಯುವಾಗ

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶ ಇವೇ ಅನ್ನ ಕೊಡುವ ಕೆಲಸ. ಅದರ ನಡುವೆ ಬಿಡುವು ಮಾಡಿಕೊಂಡು ನಮ್ಮ ಕಡೆಯ ದುಡಿಮೆಯ ಫೋಟೋ ತೆಗೆಯುತ್ತೇನೆ. ಬೀಡಿ ಕಟ್ಟುವವರು, ಸುರಂಗ ತೋಡುವವರು, ಕೆಂಪುಕಲ್ಲು ಹೊರುವವರು. ನನಗೂ ಇಂಥದ್ದು ತೆಗೆಯಬೇಕು ಅಂತ ಬರುವ ಹುಡುಗರು ಲೆನ್ಸ್ ಯಾವುದು ಅಂತ ಕೇಳುತ್ತಾರೆ. ನಾನು ಮೊದಲು ಕೂಲಿಯ ವಿಷಯ ಹೇಳುತ್ತೇನೆ.

ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ‘ಅಕ್ಕಾ, ಸ್ವಲ್ಪ ಇತ್ಲಾಗೆ ನೋಡಿ’ ಅಂತ ಹತ್ತು ನಿಮಿಷ ಕೈ ನಿಲ್ಲಿಸಿದರೆ ಅಷ್ಟು ಹೊತ್ತಿನ ಬೀಡಿ ಹೋಯಿತು. ಮದುವೆ ಮನೆಯಲ್ಲಿ ಜನ ನಮಗಾಗಿ ನಿಲ್ಲುತ್ತಾರೆ. ಇಲ್ಲಿ ಕೆಲಸಕ್ಕೆ ತಕ್ಕ ಹಾಗೆ ನಾವು ಕೂರಬೇಕು. ನಿಲ್ಲಿಸಲೇಬೇಕು ಅಂತಿದ್ದರೆ ಆ ಹೊತ್ತಿನ ದುಡ್ಡು ಕೊಡಬೇಕು, ಅದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಇರ್ವಿಂಗ್ ಪೆನ್ ಕೂಡ ದುಡ್ಡು ಕೊಟ್ಟಿದ್ದರು. ಫ್ಯಾಷನ್ ಫೋಟೋಗಳಿಗೆ ಹೆಸರಾದ ಅಮೆರಿಕದ ಫೋಟೋಗ್ರಾಫರ್ ಅವರು. 1950–51ರಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಸಣ್ಣಪುಟ್ಟ ಕಸುಬಿನವರನ್ನು ಸ್ಟುಡಿಯೋಗೆ ಕರೆಸಿದರು. ಕೆಲಸದ ಬಟ್ಟೆಯಲ್ಲೇ ಬರಬೇಕು, ಕೈಯಲ್ಲಿ ಹತ್ಯಾರು ಇರಬೇಕು. ಹಿಂದೆ ಸಾದಾ ಪರದೆ, ಹಗಲಿನ ಬೆಳಕು. ಪ್ಯಾರಿಸ್ಸಿನವರಿಗೆ ಇದರಲ್ಲೇನೋ ಮಸಲತ್ತು ಇದೆ ಅಂತ ಅನುಮಾನ ಇತ್ತು, ಆದರೂ ಕೊಡುವ ದುಡ್ಡಿಗಾಗಿ ಬಂದರು ಎಂದು ಪೆನ್ ಅವರೇ ಹೇಳಿಕೊಂಡಿದ್ದಾರೆ. ಆ ನೇರ ಮಾತು ನನಗೆ ತುಂಬ ಇಷ್ಟ.

ಆದರೆ ಪರದೆ ನನಗೆ ಒಗ್ಗಲಿಲ್ಲ. ಬೀಡಿ ಕಟ್ಟುವವರನ್ನು ಜಗಲಿಯಿಂದ ಎಬ್ಬಿಸಿದರೆ ಅರ್ಧ ಕೆಲಸವೇ ಕಾಣೆಯಾಗುತ್ತದೆ. ಮಡಿಲಲ್ಲಿ ತಡ್ಪೆ ಅಂದರೆ ಮೊರ, ಅದರಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ಎಲೆ ಒಣಗಿದರೆ ಸುತ್ತುವಾಗ ಹರಿಯುತ್ತದೆ. ಬೆರಳುಗಳು ಎಲೆ ಸುತ್ತುತ್ತವೆ, ಬೀಡಿಯ ಬಾಯಿ ಮಡಚುತ್ತವೆ, ನೂಲು ಬಿಗಿಯುತ್ತವೆ. ಕಣ್ಣು ಮಾತ್ರ ಅಂಗಳದಲ್ಲಿ ಆಡುವ ಮಗುವಿನ ಮೇಲೆ. ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಇರುವ ಆ ಗಳಿಗೆ ನನಗೆ ಬೇಕು. ಅದು ಹೇಳಿ ಮಾಡಿಸಿದರೆ ಬರುವುದಿಲ್ಲ. ಸುಮ್ನೆ ಕೂತು ಕಾಯಬೇಕು.

ಸುರಂಗದ ಕಥೆ ಬೇರೆ. ಬಾಯಾರು, ಪಡ್ರೆ ಕಡೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ತೋಡಿದ ಸುರಂಗಗಳಿವೆ. ಮುರಕಲ್ಲಿನಿಂದ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ. ಒಳಗೆ ಒಬ್ಬರು ಕುಕ್ಕರಗಾಲಲ್ಲಿ ಕೂತು ಅಗೆಯುವಷ್ಟೇ ಜಾಗ. ಇನ್ನೊಬ್ಬರು ಮಣ್ಣು ಹೊರಗೆ ಸಾಗಿಸುತ್ತಾರೆ. ಅಗೆಯುವವರ ಹತ್ತಿರ ಉರಿಯುವ ಮೇಣದಬತ್ತಿ ಬೆಳಕಿಗೂ ಆಯಿತು, ಗಾಳಿಯ ಪರೀಕ್ಷೆಗೂ ಆಯಿತು. ಅದು ಮಂಕಾದರೆ ಕೂಡಲೇ ಹೊರಗೆ ಬರಬೇಕು. ಅಲ್ಲಿ ಫ್ಲ್ಯಾಶ್ ಹಾಕಿದರೆ ಗೋಡೆಯ ಒಂದೊಂದು ಗೀರೂ ಕಾಣುತ್ತದೆ, ಆದರೆ ಬತ್ತಿ ಇದ್ದೂ ಇಲ್ಲದ ಹಾಗೆ. ಆ ಮನುಷ್ಯ ಜೀವ ನಂಬಿ ಕೂತಿರುವುದೇ ಆ ಬತ್ತಿಯನ್ನು, ಅಲ್ವಾ? ಹಾಗಾಗಿ ಕಡಿಮೆ ಬೆಳಕಿನಲ್ಲೂ ಫೋಟೋ ಬರುವ ಹಾಗೆ ಕ್ಯಾಮೆರಾದ ಐಎಸ್‌ಒ ಏರಿಸುತ್ತೇನೆ, ಚಿತ್ರದಲ್ಲಿ ಗ್ರೇನ್ಸ್, ಅಂದರೆ ಚುಕ್ಕಿಚುಕ್ಕಿ, ಬಂದರೆ ಬರಲಿ. ಜಾಸ್ತಿ ಹೊತ್ತು ಒಳಗೆ ಇರುವುದೂ ಇಲ್ಲ. ಒಳಗಿರುವ ಗಾಳಿ ಅವರಿಗೆ ಬೇಕು.

ಇನ್ನು ಪ್ರಿಂಟ್. ಕೆನಡಾದ ಫೋಟೋ ಕಲಾವಿದ ಜೆಫ್ ವಾಲ್ 1999ರಲ್ಲಿ, ಬಾರ್ಸಿಲೋನಾದ ಒಂದು ಪ್ರಸಿದ್ಧ ಕಟ್ಟಡದಲ್ಲಿ ಬೆಳಗ್ಗೆ ಗಾಜು ತೊಳೆಯುವ ಕೆಲಸಗಾರನ ಚಿತ್ರ ಮಾಡಿದರು. ಅದರ ಅಗಲ ಸುಮಾರು ಮೂರೂವರೆ ಮೀಟರ್. ಜನ ಆ ಕಟ್ಟಡ ನೋಡಲು ಹೋಗುತ್ತಾರೆ, ಗಾಜು ತೊಳೆದವನನ್ನು ಯಾರು ನೋಡುತ್ತಾರೆ? ವಾಲ್ ಅವನ ಕೆಲಸವನ್ನು ಗೋಡೆ ತುಂಬುವಷ್ಟು ದೊಡ್ಡದು ಮಾಡಿದರು. ನನ್ನ ಕೈಗೆಟುಕುವುದು ಮದುವೆ ಆಲ್ಬಮ್‌ಗೆ ಹಾಕುವ ಒಳ್ಳೆ ಕಾಗದ. ಅದರಲ್ಲೇ ಹಾಕಿಸಿ ಮೊದಲು ಅವರ ಮನೆಗೆ ಒಯ್ಯುತ್ತೇನೆ.

ನನಗೆ ಬಹಳ ಹಿಡಿಸಿದ್ದ ಒಂದು ಫೋಟೋ ನೋಡಿ ಒಬ್ಬರು ಅಕ್ಕ ತಲೆ ಅಲ್ಲಾಡಿಸಿದರು. ‘ಇದು ಬೇಡ ಮಾರಾಯ್ರೇ. ನೂಲು ಸಡಿಲ ಉಂಟು. ಬೀಡಿ ಕೊಡುವ ಬ್ರಾಂಚಿನಲ್ಲಿ ಇಂಥದ್ದನ್ನು ತೆಗೆದು ಬಿಸಾಡ್ತಾರೆ.’ ಮುಖ ಚೆಂದ ಬಂದದ್ದು ಅವರ ಲೆಕ್ಕಕ್ಕೇ ಬರಲಿಲ್ಲ. ಅವರು ಆರಿಸಿದ್ದರಲ್ಲಿ ಮುಖ ಅರ್ಧವೇ ಇದೆ, ಬೀಡಿ ಮಾತ್ರ ತುದಿಯಿಂದ ತುದಿಗೆ ನೆಟ್ಟಗಿದೆ. ಈಗ ಪ್ರದರ್ಶನಕ್ಕೆ ಯಾವುದು ಹೋಗಬೇಕು ಅಂತ ಹೇಳುವುದು ಅವರೇ. ಫೋಟೋದ ಕೆಳಗೆ, ಒಪ್ಪಿದರೆ, ಮೊದಲು ಅವರ ಹೆಸರು, ಎಷ್ಟು ವರ್ಷದಿಂದ ಬೀಡಿ ಕಟ್ಟುತ್ತಿದ್ದಾರೆ ಎಂಬುದು. ಆಮೇಲೆ ನನ್ನ ಹೆಸರು.