ಫಲಕ ಕಳೆದುಕೊಂಡ ಪಾಮ್‌ಗಳು: ಹೆಸರು ಹುಡುಕುವ ಕೆಲಸ ಎಲ್ಲಿಗೆ ಬಂತು

ಪಾಮ್ ವಿಭಾಗದ ಪಟ್ಟಿ ಕೊನೆಗೂ ಒಂದು ರೂಪಕ್ಕೆ ಬಂದಿದೆ. ಬಹುತೇಕ ಎಲ್ಲ ಮರಗಳಿಗೂ ಕುಲದ ಹೆಸರು ಸಿಕ್ಕಿದೆ. ಪ್ರಭೇದದ ಹೆಸರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮರಗಳಿಗೆ ಗಟ್ಟಿಯಾಗಿದೆ. ಉಳಿದವು ಹೂ ಬಿಡುವ ತನಕ ಬಾಯಿ ಬಿಡುವುದಿಲ್ಲ, ಕಾಯಬೇಕು.

ಹೊಸದಾಗಿ ಓದುತ್ತಿರುವವರಿಗೆ ಒಂದೆರಡು ಮಾತು. ಇದು ತುಂಬಾ ಚಿಕ್ಕ ಸಸ್ಯೋದ್ಯಾನ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಬಂದವರು ಮುಂದಿನ ಹೂವಿನ ಮಡಿಗಳನ್ನು ನೋಡಿ ಹಿಂದಿರುಗುತ್ತಾರೆ. ಪಾಮ್‌ಗಳು ಇರುವುದು ಹಿಂಭಾಗದಲ್ಲಿ, ನೀರು ಹರಿಯುವ ತಗ್ಗಿನ ಆಚೆ. ಅವನ್ನು ನೆಟ್ಟವರು ಯಾರೇ ಆಗಿರಲಿ, ವಿಷಯ ಚೆನ್ನಾಗಿ ತಿಳಿದವರು. ಮಡಗಾಸ್ಕರ್‌ನವು ಒಂದು ಕಡೆ, ಅಮೆರಿಕ ಖಂಡದವು ಇನ್ನೊಂದು ಕಡೆ, ನೆರಳು ಬೇಕಾದ ಕುಳ್ಳ ಜಾತಿಗಳು ದೊಡ್ಡ ಮರಗಳ ಅಡಿಯಲ್ಲಿ. ಆದರೆ ಹೆಸರಿನ ಫಲಕಗಳು ಹೆಚ್ಚುಕಡಿಮೆ ಎಲ್ಲ ಹೋಗಿವೆ, ನೆಟ್ಟ ವರ್ಷ ಬರೆದ ಪುಸ್ತಕವೂ ಸಿಕ್ಕಿಲ್ಲ. ಹಾಗಾಗಿ ಹೆಸರನ್ನು ಮರದಿಂದಲೇ ಓದಬೇಕು. ಪಾಮ್‌ಗಳಲ್ಲಿ ಅದು ಸಾಧ್ಯ ಅನ್ನುವುದೇ ನನ್ನನ್ನು ಈ ಕೆಲಸಕ್ಕೆ ಹಿಡಿದು ಕೂರಿಸಿದ್ದು.

ಹೆಸರು ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ಒಂಟಿ ಕಾಂಡದ ಪಾಮ್‌ಗೆ ಇರುವುದು ಒಂದೇ ಸುಳಿ. ಅದು ಹೋದರೆ ಮರ ಹೋಯಿತು. ಕೊಂಬೆ ಕತ್ತರಿಸಿ ನೆಡುವುದು, ಕಸಿ ಕಟ್ಟುವುದು ಇಲ್ಲಿ ನಡೆಯುವುದಿಲ್ಲ, ಬೀಜವೇ ದಾರಿ. ಬೀಜ ಬೇಕೆಂದರೆ ಮರ ಯಾವುದು, ಗಂಡೋ ಹೆಣ್ಣೋ, ಅದರ ಜೊತೆಗಾರ ಬೇರೆಲ್ಲಿದೆ ಅನ್ನುವುದು ಗೊತ್ತಿರಬೇಕು. ಮಾರಿಷಸ್‌ನ ಕ್ಯೂರ್‌ಪೈಪ್ ಸಸ್ಯೋದ್ಯಾನದಲ್ಲಿ ಹಯೋಫೋರ್ಬೆ ಅಮರಿಕಾಲಿಸ್ ಅನ್ನುವ ಪಾಮ್ ಇದೆ. ಆ ಪ್ರಭೇದದಲ್ಲಿ ಇಡೀ ಲೋಕದಲ್ಲಿ ಉಳಿದಿರುವುದು ಅದೊಂದೇ ಮರ. ಅದರಲ್ಲಿ ಗಂಡು ಹೂ ಮೊದಲು ಅರಳಿ ಮುಗಿಯುತ್ತದೆ, ಹೆಣ್ಣು ಹೂ ಆಮೇಲೆ ಬರುತ್ತದೆ. ಹಾಗಾಗಿ ತನ್ನದೇ ಪರಾಗ ತನಗೆ ಸಿಗುವುದು ಕಷ್ಟ. ಅದೂ ದೊಡ್ಡ ಹೆಸರಿನ ಉದ್ಯಾನವೇನಲ್ಲ. ಚಿಕ್ಕ ಉದ್ಯಾನದ ಹಿಂಭಾಗದಲ್ಲಿ ಏನಿದೆ ಅಂತ ಬರೆದಿಡುವುದು ನನಗೆ ದೊಡ್ಡ ಕೆಲಸವಾಗಿ ಕಾಣುವುದು ಇದರಿಂದಲೇ.

ಈಗ ನೋಡುವ ಕ್ರಮ. ಪಾಮ್ ಕುಟುಂಬದಲ್ಲಿ ಸುಮಾರು 2,600 ಪ್ರಭೇದಗಳಿವೆ. ತಲೆ ಎತ್ತಿ ತುದಿಯನ್ನೇ ನೋಡುತ್ತಾ ನಿಂತರೆ ಎಲ್ಲವೂ ಒಂದೇ ಥರ ಅನ್ನಿಸುತ್ತವೆ. ನಾನು ಶುರು ಮಾಡುವುದು ಬಿದ್ದ ಗರಿಯಿಂದ. ಕಿರುಎಲೆ ದಿಂಡಿಗೆ ಸೇರುವ ಜಾಗದಲ್ಲಿ ಮಡಿಕೆ ಯಾವ ಕಡೆಗಿದೆ ನೋಡಬೇಕು. ಮಡಿಕೆ ಮೇಲಕ್ಕೆ ತೆರೆದಿದ್ದರೆ ಮಳೆ ನೀರು ಅದರೊಳಗೆ ನಿಲ್ಲುತ್ತದೆ. ಕೆಳಕ್ಕೆ ತೆರೆದಿದ್ದರೆ ನೀರು ಎರಡೂ ಬದಿಗೆ ಜಾರಿ ಹೋಗುತ್ತದೆ. ತೆಂಗು, ಅಡಿಕೆ, ಎಣ್ಣೆ ತಾಳೆ ಎಲ್ಲ ಎರಡನೆಯ ಗುಂಪು. ಈಚಲು ಮೊದಲನೆಯದು, ಬೀಸಣಿಗೆ ಎಲೆಯ ಪಾಮ್‌ಗಳೂ ಹೆಚ್ಚಿನವು ಮೊದಲನೆಯವೇ. ಉದ್ದ ಗರಿ ಇದ್ದು, ನೀರು ನಿಲ್ಲುವ ಮಡಿಕೆ ಇದ್ದು, ಗರಿಯ ಬುಡದ ಕಿರುಎಲೆಗಳು ಗಟ್ಟಿ ಮುಳ್ಳಾಗಿದ್ದರೆ ಅದು ಫೀನಿಕ್ಸ್, ಅಂದರೆ ಈಚಲು ಖರ್ಜೂರಗಳ ಕುಲ. ಇಷ್ಟಕ್ಕೆ ಹೂ ಬೇಡ, ಕಾಯಿ ಬೇಡ, ಒಂದು ಒಣ ಗರಿ ಸಾಕು!

ಬಗನಿ ಮರದ ಕಥೆ ಇದರಲ್ಲಿ ನನಗೆ ಬಹಳ ಇಷ್ಟ. ಅದರ ಗರಿ ಎರಡು ಸಲ ಕವಲೊಡೆಯುತ್ತದೆ. ಪಾಮ್ ಕುಟುಂಬದಲ್ಲಿ ಹಾಗಿರುವುದು ಕರಿಯೋಟ ಅನ್ನುವ ಆ ಒಂದೇ ಕುಲಕ್ಕೆ. ಹಿಂದೆ ಅದನ್ನು ಅಡಿಕೆ, ತೆಂಗುಗಳಿರುವ ಉಪಕುಟುಂಬದಲ್ಲಿ ಇಟ್ಟಿದ್ದರು. ಡಿಎನ್‌ಎ ನೋಡಿದ ಮೇಲೆ ಬೀಸಣಿಗೆ ಪಾಮ್‌ಗಳ ಗುಂಪಿಗೆ ಸೇರಿಸಿದರು. ಅದರ ಎಲೆಯ ಮಡಿಕೆ ಮಾತ್ರ ಮೊದಲಿನಿಂದಲೂ ಆ ಗುಂಪಿನದ್ದೇ. ಉದ್ಯಾನದಲ್ಲಿ ಒಂಟಿ ಕಾಂಡದ ದೊಡ್ಡ ಬಗನಿ ಒಂದಿದೆ, ಅದು ಕರಿಯೋಟ ಯುರೆನ್ಸ್. ಪಕ್ಕದಲ್ಲೇ ಗುಂಪಾಗಿ ಬೆಳೆಯುವ ಕರಿಯೋಟ ಮಿಟಿಸ್ ಕೂಡ ಇದೆ. ದೊಡ್ಡದು ತುದಿಯಿಂದ ಹೂ ಬಿಡಲು ಶುರು ಮಾಡಿ, ವರ್ಷಗಟ್ಟಲೆ ಒಂದೊಂದೇ ಹೊಂಬಾಳೆಯಾಗಿ ಕೆಳಕ್ಕೆ ಇಳಿಯುತ್ತಿದೆ. ಕೊನೆಯದು ಹಣ್ಣಾದ ಮೇಲೆ ಮರ ಸಾಯುತ್ತದೆ. ರೋಗ ಬಂದಿದೆ ಅಂದುಕೊಂಡು ಕಡಿದುಬಿಟ್ಟರೆ ಕಷ್ಟ ಅಂತ ಅಲ್ಲಿನ ಮಾಲಿಗೆ ಹೇಳಿದ್ದೇನೆ. ಬಿದ್ದ ಹಣ್ಣು ಹೆಕ್ಕುವಾಗ ಕೈಗವಸು ಬೇಕೇ ಬೇಕು. ತಿರುಳಿನಲ್ಲಿ ಸೂಜಿಯಂಥ ಹರಳುಗಳಿರುತ್ತವೆ, ಚರ್ಮ ಉರಿಯುತ್ತದೆ, ತುರಿಸುತ್ತದೆ.

ಮಡಿಕೆ ಆದ ಮೇಲೆ ಹಾಳೆ. ಗರಿಗಳ ಬುಡದ ಹಾಳೆಗಳು ಒಂದರೊಳಗೊಂದು ಸುತ್ತಿಕೊಂಡು ನುಣುಪಾದ ಹಸಿರು ಕೊಳವೆ ಆಗಿದೆಯಾ, ಇಲ್ಲವಾ? ಅಡಿಕೆ ಮರ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೊಳವೆ ಇದ್ದರೆ ಹೊಂಬಾಳೆ ಸಾಮಾನ್ಯವಾಗಿ ಅದರ ಕೆಳಗೆ, ಹಾಳೆ ಕಳಚಿ ಬಿದ್ದ ಜಾಗದಲ್ಲಿ ಹೊರಬರುತ್ತದೆ. ತೆಂಗಿಗೆ ಕೊಳವೆ ಇಲ್ಲ, ಅಲ್ಲಿ ಹೊಂಬಾಳೆ ಗರಿಗಳ ನಡುವೆ. ದಾರಿಯ ಎರಡೂ ಬದಿಯ ಎತ್ತರದ ಸಾಲು ಮರಗಳು ರಾಯ್‌ಸ್ಟೋನಿಯ, ಅಂದರೆ ರಾಯಲ್ ಪಾಮ್‌ಗಳ ಕುಲ, ಅನ್ನುವುದು ದೂರದಿಂದಲೇ ಗೊತ್ತಾಗಿತ್ತು. ಯಾವ ರಾಯ್‌ಸ್ಟೋನಿಯ ಅನ್ನುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಗರಿಗಳು ಕೆಳಕ್ಕೆ ಇಳಿದು ಕೊಳವೆಯನ್ನು ಮರೆಮಾಡಿದರೆ ರೀಜಿಯ. ಗರಿಗಳು ಅಡ್ಡಕ್ಕೇ ನಿಂತು ಕೊಳವೆ ಪೂರ್ತಿ ಕಾಣುತ್ತಿದ್ದರೆ ಒಲೆರೇಸಿಯ. ಇವು ರೀಜಿಯ, ಕ್ಯೂಬಾ ಕಡೆಯವು. ಸಾಲಿನ ಕೊನೆಯಲ್ಲಿರುವ ಕುಳ್ಳ ಹೊಟ್ಟೆ ಮರಗಳು ಬೇರೆಯೇ. ಅವು ನಿಜವಾದ ಬಾಟಲ್ ಪಾಮ್, ಹಯೋಫೋರ್ಬೆ ಲಾಜೆನಿಕಾಲಿಸ್. ಗರಿಗಳು ಬೆರಳೆಣಿಕೆಯಷ್ಟೇ, ಬಿಚ್ಚದ ಹೊಂಬಾಳೆ ಕೊಳವೆಯ ಕೆಳಗೆ ಕೊಂಬಿನ ಹಾಗೆ ಮೇಲಕ್ಕೆ ನಿಂತಿರುತ್ತದೆ. ಇದು ಮಾರಿಷಸ್ ಪಕ್ಕದ ರೌಂಡ್ ಐಲ್ಯಾಂಡ್‌ನದ್ದು. ತೋಟಗಳಲ್ಲಿ ಎಲ್ಲೆಲ್ಲೂ ಇದೆ, ಕಾಡಿನಲ್ಲಿ ತುಂಬ ವಿರಳ. ರಾಯ್‌ಸ್ಟೋನಿಯಕ್ಕೂ ನಡುವಲ್ಲಿ ಉಬ್ಬು ಬರುವುದರಿಂದ ಅದನ್ನೂ ಬಾಟಲ್ ಪಾಮ್ ಅಂತ ಕರೆಯುವವರು ಬಹಳ ಮಂದಿ.

ಉಳಿದಿರುವ ಕೆಲವೇ ಫಲಕಗಳಲ್ಲಿ ಒಂದು ನನಗೆ ತುಂಬಾ ಖುಷಿ ಕೊಟ್ಟಿತು. ಗುಂಪು ಗುಂಪಾಗಿ ಬೆಳೆದ, ಹಳದಿ ದಿಂಡಿನ ಗಿಡ. ಮನೆಯೊಳಗಿನ ಕುಂಡಗಳಲ್ಲಿ ಅರೆಕಾ ಪಾಮ್ ಅಂತ ಬೆಳೆಸುವುದು ಇದನ್ನೇ, ಆದರೆ ಇದು ಅಡಿಕೆಯ ಕುಲದ್ದಲ್ಲ. ಮಡಗಾಸ್ಕರ್‌ನ ಗಿಡ. ಮಾಸಿದ ಫಲಕದಲ್ಲಿ ಕ್ರಿಸಾಲಿಡೋಕಾರ್ಪಸ್ ಲುಟೆಸೆನ್ಸ್ ಅಂತ ಇದೆ. 1995ರಲ್ಲಿ ಆ ಕುಲವನ್ನೇ ಡಿಪ್ಸಿಸ್ ಒಳಗೆ ಸೇರಿಸಿದರು, ಆಮೇಲೆ ಬಂದ ಪುಸ್ತಕಗಳಲ್ಲೆಲ್ಲ ಡಿಪ್ಸಿಸ್ ಲುಟೆಸೆನ್ಸ್. 2022ರಲ್ಲಿ ಡಿಪ್ಸಿಸ್ ಅನ್ನು ಮತ್ತೆ ಒಡೆದು ಹಳೆಯ ಹೆಸರಿಗೇ ಹಿಂದಿರುಗಿಸಿದರು. ಯಾರೂ ಮುಟ್ಟದೆ ಬಿಟ್ಟ ಆ ತಗಡು ಈಗ ಮತ್ತೆ ಸರಿಯಾಗಿದೆ.

ಫಲಕಗಳ ಬಗ್ಗೆ ಇನ್ನೊಂದು ವಿಷಯ. ಹಲವು ಕಾಂಡಗಳಲ್ಲಿ ಕಣ್ಣಿನ ಎತ್ತರಕ್ಕೆ ಮೊಳೆ ಹೊಡೆದ ತೂತುಗಳಿವೆ. ಬೇರೆ ಮರಗಳಲ್ಲಾದರೆ ತೊಗಟೆಯ ಕೆಳಗಿನ ಬೆಳೆಯುವ ಪದರ ವರ್ಷಾ ವರ್ಷಾ ಹೊಸ ಕಟ್ಟಿಗೆ ಸೇರಿಸುತ್ತಾ ಗಾಯವನ್ನು ಮುಚ್ಚುತ್ತದೆ. ಪಾಮ್‌ಗೆ ಆ ಪದರವೇ ಇಲ್ಲ. ಕಾಂಡಕ್ಕೆ ಆದ ಗಾಯ ಮರ ಇರುವಷ್ಟು ಕಾಲ ಹಾಗೇ ಉಳಿಯುತ್ತದೆ, ಕೊಳೆ ಒಳಗೆ ಹೋಗಲು ಬಾಗಿಲು ತೆರೆದಿಟ್ಟ ಹಾಗೆ. ಅದೇ ಕಾರಣಕ್ಕೆ ದಪ್ಪ ನೋಡಿ ವಯಸ್ಸು ಹೇಳಲೂ ಆಗುವುದಿಲ್ಲ. ಮರ ಮೊದಲು ನೆಲಮಟ್ಟದಲ್ಲಿ ತನ್ನ ದಪ್ಪ ತುಂಬಿಸಿಕೊಂಡು ಆಮೇಲೆ ಎತ್ತರಕ್ಕೆ ಹೋಗುತ್ತದೆ. ನಾನು ಗರಿ ಬಿದ್ದ ಗುರುತುಗಳನ್ನು ಎಣಿಸುತ್ತಿದ್ದೇನೆ. ಚೆನ್ನಾಗಿ ಬೆಳೆಯುವ ತೆಂಗು ತಿಂಗಳಿಗೆ ಸುಮಾರು ಒಂದು ಗರಿ ಬಿಡುತ್ತದೆ, ಹಾಗಾಗಿ ತೆಂಗಿಗೆ ಲೆಕ್ಕ ಸುಲಭ. ಬೇರೆಯವಕ್ಕೆ ಮೊದಲು ಅವು ವರ್ಷಕ್ಕೆ ಎಷ್ಟು ಗರಿ ಬಿಡುತ್ತವೆ ಅಂತ ನೋಡಬೇಕು. ಅದಕ್ಕೆ ಈಗ ತೆರೆದಿರುವ ಹೊಸ ಗರಿಯ ದಿಂಡಿಗೆ ಬಣ್ಣದ ದಾರ ಕಟ್ಟಿದ್ದೇನೆ, ಕೈಗೆಟುಕುವ ಗಿಡಗಳಿಗೆ ಮಾತ್ರ.

ನೆಲ ನೋಡುವುದನ್ನು ಯಾರೂ ಬಿಡಬಾರದು. ತಗ್ಗಿನ ಅಂಚಿನಲ್ಲಿ ಮುಳ್ಳುಬಳ್ಳಿಯ ಪೊದೆ ಇದೆ, ಒಳಗೆ ಕೈ ಹಾಕಲು ಆಗುವುದಿಲ್ಲ. ಅಡಿಯಲ್ಲಿ ಸಿಕ್ಕ ಒಂದು ಹಣ್ಣು ಎಲ್ಲ ಹೇಳಿತು. ಮೈಮೇಲೆ ಒಂದರ ಮೇಲೊಂದು ಜೋಡಿಸಿದ ಹುರುಪೆಗಳಿದ್ದರೆ ಅದು ಬೆತ್ತದ ಉಪಕುಟುಂಬ, ಎರಡು ಮಾತಿಲ್ಲ. ಕುಲ ಕ್ಯಾಲಮಸ್ ಅಂತ ಬರೆದಿದ್ದೇನೆ, ಪ್ರಭೇದಕ್ಕೆ ಹೂ ಬೇಕು. ಅದೇ ಅಂಚಿನಲ್ಲಿರುವ ಎರಡು ಗಿಡಗಳನ್ನು ಪಟ್ಟಿಯಿಂದ ತೆಗೆದೆ. ಒಂದು ಸೈಕಸ್, ಅದು ಹೂ ಬಿಡುವ ಸಸ್ಯವೇ ಅಲ್ಲ. ಇನ್ನೊಂದು ಟ್ರಾವೆಲರ್ಸ್ ಪಾಮ್ ಅಂತ ಕರೆಯುವ ರಾವೆನಾಲ. ಅದರ ಎಲೆ ನೋಡಿದರೇ ಬಾಳೆಯ ಬಳಗ ಅಂತ ತಿಳಿಯುತ್ತದೆ.

ಮನಸ್ಸು ಹೆಚ್ಚು ಹಿಡಿದಿರುವುದು ಎರಡು ಮರಗಳ ಮೇಲೆ. ಮೊದಲನೆಯದು ಶ್ರೀತಾಳೆ, ಕೋರಿಫಾ ಅಂಬ್ರಾಕ್ಯುಲಿಫೆರ. ಒಂದೇ ಒಂದು ಮರ, ಎಲೆಯ ತೊಟ್ಟಿನ ಅಂಚಿನಲ್ಲಿ ಕಪ್ಪು ಹಲ್ಲುಗಳು, ಒಂದು ಎಲೆಯ ಕೆಳಗೆ ನಾಲ್ಕಾರು ಜನ ಆರಾಮಾಗಿ ನಿಲ್ಲಬಹುದು. ಇದು ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, 30ರಿಂದ 80 ವರ್ಷದ ನಡುವೆ ಯಾವಾಗಲಾದರೂ. ತುದಿಯಲ್ಲಿ ಎದ್ದು ನಿಲ್ಲುವ ಆ ಹೂಗೊಂಚಲು 6ರಿಂದ 8 ಮೀಟರ್ ಇರುತ್ತದೆ, ಲಕ್ಷಗಟ್ಟಲೆ ಹೂಗಳು. ಕಾಯಿ ಮಾಗಲು ಸುಮಾರು ಒಂದು ವರ್ಷ, ಆಮೇಲೆ ಮರ ಸಾಯುತ್ತದೆ. ನೆಟ್ಟ ವರ್ಷ ಗೊತ್ತಿಲ್ಲದ ಕಾರಣ ಅದು ನಾಳೆಯೂ ಆಗಬಹುದು, ಇನ್ನು ಕೆಲವು ದಶಕ ಬಿಟ್ಟೂ ಆಗಬಹುದು. ಆಗ ಬೀಜ ಹೆಕ್ಕಿ ತಕ್ಷಣ ಬಿತ್ತುವವರು ಇರಬೇಕು. ಅದಕ್ಕಾಗಿ ಈ ಮರದ ಪುಟದಲ್ಲಿ ಹೂ ಬಂದರೆ ಏನು ಮಾಡಬೇಕು ಅನ್ನುವುದನ್ನೂ ಬರೆದು ಉದ್ಯಾನದ ಕಚೇರಿಗೆ ಒಂದು ಪ್ರತಿ ಕೊಟ್ಟಿದ್ದೇನೆ.

ಎರಡನೆಯದು ಬಿಸ್ಮಾರ್ಕಿಯ ನೊಬಿಲಿಸ್. ನೀಲಿ ಬೆಳ್ಳಿ ಬಣ್ಣದ ಬೀಸಣಿಗೆ ಎಲೆ, ಮಡಗಾಸ್ಕರ್‌ನದ್ದು, ಆ ಕುಲದಲ್ಲಿ ಇದೊಂದೇ ಪ್ರಭೇದ. ಗಂಡು ಹೆಣ್ಣು ಬೇರೆ ಬೇರೆ ಮರ. ಇಲ್ಲಿರುವುದು ಒಂದು, ಈಗ ಹೊಂಬಾಳೆ ಹೊರಡುತ್ತಿದೆ. ಗಂಡಾದರೆ ಪರಾಗ ಸಂಗ್ರಹಿಸಿ ಇಡಬಹುದು. ಖರ್ಜೂರದ ಪರಾಗವನ್ನು ಚೆನ್ನಾಗಿ ಒಣಗಿಸಿ ತಂಪಿನಲ್ಲಿಟ್ಟು ಮುಂದಿನ ಹಂಗಾಮಿಗೆ ಬಳಸುವ ಪದ್ಧತಿ ಇದೆ, ಅದೇ ರೀತಿ ಮಾಡಿ ನೋಡಬೇಕು. ಹೆಣ್ಣಾದರೆ ಬೇರೆ ಕಡೆಯಿಂದ ಪರಾಗ ತರಿಸಬೇಕು. ಇದು ಆಗದ ಮಾತೇನಲ್ಲ. ಹೌರಾದ ಸಸ್ಯೋದ್ಯಾನದಲ್ಲಿ 1894ರಲ್ಲಿ ಬೆಳೆಸಿದ ಸೀಶೆಲ್ಸ್‌ನ ಜೋಡಿ ತೆಂಗು ಹೆಣ್ಣು ಮರ. ಅದಕ್ಕೆ ಬೇರೆ ದೇಶದಿಂದ ಪರಾಗ ತಂದು, ಕೈಯಿಂದಲೇ ಹೂವಿಗೆ ಮುಟ್ಟಿಸಿ ಕಾಯಿ ಕಟ್ಟಿಸಿದರು. ಎಷ್ಟು ತಾಳ್ಮೆ ಬೇಕು ಯೋಚಿಸಿ!

ಬಗೆಹರಿಯದ ದೊಡ್ಡ ತಲೆನೋವು ಫೀನಿಕ್ಸ್ ಗುಂಪು. ಈ ಕುಲದ ಪ್ರಭೇದಗಳು ಒಟ್ಟಿಗೆ ನೆಟ್ಟ ಕಡೆ ಸುಲಭವಾಗಿ ಬೆರೆಯುತ್ತವೆ. ಮೂಲ ಮರಗಳ ಪಕ್ಕದಲ್ಲಿ ತಾವಾಗಿ ಹುಟ್ಟಿದ ಸಸಿಗಳು ಈಗ ದೊಡ್ಡವಾಗಿವೆ, ಅವಕ್ಕೆ ಒಂದೇ ಪ್ರಭೇದದ ಹೆಸರು ಕೊಡುವುದು ಸರಿಯಲ್ಲ. ಸಾಲಾಗಿ ಇರುವವನ್ನು ನೆಟ್ಟವು ಅಂತಲೂ, ಅಡ್ಡಾದಿಡ್ಡಿ ಇರುವವನ್ನು ತಾನಾಗಿ ಹುಟ್ಟಿದವು ಅಂತಲೂ ಬೇರೆ ಮಾಡಿ, ಎರಡನೆಯವಕ್ಕೆ ಬರೀ ಫೀನಿಕ್ಸ್ ಅಂತ ಬರೆದು ಬಿಟ್ಟಿದ್ದೇನೆ.

ಮುಂದಿನ ಕೆಲಸ ಹೊಸ ಫಲಕಗಳು. ಅಲ್ಯೂಮಿನಿಯಂ ತಗಡಿಗೆ ಅಕ್ಷರ ಕೊರೆದು, ಕಾಂಡಕ್ಕೆ ಮೊಳೆ ಹೊಡೆಯದೆ, ಬುಡದಿಂದ ಸ್ವಲ್ಪ ದೂರ ಕಂಬಿ ನೆಟ್ಟು ಕೂರಿಸಬೇಕು. ಹೆಸರು, ಮೂಲ ನೆಲೆ, ಗಂಡೋ ಹೆಣ್ಣೋ, ಹೆಸರು ಗುರುತಿಸಿದ ವರ್ಷ, ಇಷ್ಟು ಇರುತ್ತದೆ. ಖಚಿತವಿಲ್ಲದ ಮರಗಳಿಗೆ ಕುಲದ ಹೆಸರಷ್ಟೇ. ಬಾಟಲ್ ಪಾಮ್‌ಗಳಿಂದ ಶುರು ಮಾಡುತ್ತೇನೆ, ಯಾಕೆಂದರೆ ಜನ ಹೆಚ್ಚು ನಿಂತು ನೋಡುವುದು ಅವನ್ನೇ. ಬಿಸ್ಮಾರ್ಕಿಯದ ಹೊಂಬಾಳೆ ಬಿಚ್ಚಿದ ಮೇಲೆ ಫೋಟೊ ಹಾಕುತ್ತೇನೆ.