ಕ್ರಿಯಾನನಿಗೂ ಅರ್ಥ ಬೇಕು

ಕುಂಬಳೆ, ಮಧೂರು ಕಡೆಯ ಅರ್ಥಧಾರಿಗಳು ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಆಂಟಿಗೊನೆ’ಯನ್ನು ತಾಳಮದ್ದಳೆಗೆ, ಎಂದರೆ ವೇಷ-ಕುಣಿತವಿಲ್ಲದೆ ಹಾಡು-ಮಾತುಗಳಲ್ಲೇ ನಡೆಯುವ ಯಕ್ಷಗಾನಕ್ಕೆ, ಎತ್ತಿಕೊಳ್ಳುವುದಾದರೆ, ದೊರೆ ಕ್ರಿಯಾನನನ್ನು ಖಳನನ್ನಾಗಿ ಮಾಡಬಾರದು. ಆಂಟಿಗೊನೆಯ ಸೋದರರಿಬ್ಬರು ಕಾದಾಡಿ ಸತ್ತಿದ್ದಾರೆ; ದಂಡೆತ್ತಿ ಬಂದವನ ಹೆಣಕ್ಕೆ ಸಂಸ್ಕಾರ ಕೂಡದೆಂದು ದೊರೆ ಸಾರಿಸಿದ್ದಾನೆ. ಅವನು ಕೇಳುವುದು: ಊರಾದ ಥೀಬ್ಸಿನ ಮೇಲೆ ದಂಡೆತ್ತಿ ಬಂದವನಿಗೂ ಊರು ಕಾದು ಸತ್ತವನಿಗೂ ಒಂದೇ ಮರ್ಯಾದೆಯೇ? ಈ ಪ್ರಶ್ನೆಗೆ ಬಲ ಬಾರದಿದ್ದರೆ ಎದುರು ಪಾತ್ರದ ಅರ್ಥವೂ, ಎಂದರೆ ವಾದವೂ, ಸಪ್ಪೆ.

ಆಂಟಿಗೊನೆಯ ಕ್ರಿಯೆ ಬಹಳ ಸಣ್ಣದು. ಸೋದರನ ಹೆಣದ ಮೇಲೆ ತೆಳುವಾಗಿ ಒಣಮಣ್ಣು. ಕಾವಲುಗಾರರು ಅದನ್ನು ಗುಡಿಸಿ ತೆಗೆದ ಮೇಲೆ ಮತ್ತೆ ಮಣ್ಣು, ಕಂಚಿನ ಪಾತ್ರೆಯಿಂದ ಮೂರು ಸಲ ತರ್ಪಣ. ಸಿಕ್ಕಿಬೀಳುವುದು ಆಗ. ಉತ್ತರಕ್ರಿಯೆಯ ಬೆಲೆ ಬಲ್ಲ ನಮ್ಮ ಸಭೆಗೆ ಇದನ್ನು ವಿವರಿಸಬೇಕಾಗಿಲ್ಲ.

ಎಡವುವುದು ಅವಳ ವಾದದಲ್ಲಿ. ‘ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ’ ಎಂದು ಅವಳ ಬಾಯಲ್ಲಿ ಹೇಳಿಸಿದರೆ ನಾಟಕವೇ ಕುಗ್ಗುತ್ತದೆ. ಅವಳು ಹಿಡಿಯುವುದು ದೇವತೆಗಳ ಬರೆಯದ ಕಟ್ಟಳೆಯನ್ನು. ಕ್ರಿಯಾನನದು ಮನುಷ್ಯನೊಬ್ಬ ಸಾರಿಸಿದ ಡಂಗುರ. ಕಟ್ಟಳೆಗೂ ಡಂಗುರಕ್ಕೂ ಇರುವ ಈ ಅಂತರವೇ ಪ್ರಸಂಗದ ಬೆನ್ನೆಲುಬು.

ಕ್ರಿಯಾನನ ಮಗ, ಆಂಟಿಗೊನೆಯನ್ನು ಮದುವೆಯಾಗಬೇಕಿದ್ದ ಹೀಮನ್ ಅವಳ ಪರವಾಗಿ ಬಂದಾಗ ತಂದೆಯೆದುರು ವಿನಯದಿಂದಲೇ ಶುರುಮಾಡಬೇಕು: ‘ಅಪ್ಪಾ, ನಾನು ನಿಮ್ಮವನು.’ ಒಬ್ಬನ ಸೊತ್ತಾದ ಊರು ಊರೇ ಅಲ್ಲ ಎಂಬ ಮಾತಿಗೆ ಬರುವಷ್ಟರಲ್ಲಿ ದನಿ ಏರಲಿ. ಮೊದಲೇ ಗುಡುಗಿದರೆ ಏರಲು ಜಾಗವಿರುವುದಿಲ್ಲ.

ಕೊನೆಯಲ್ಲಿ ಅನುಕ್ರಮ ತಪ್ಪಿಸಬೇಡಿ. ಶಿಕ್ಷೆಯಾಗಿ ಜೀವಂತ ಮುಚ್ಚಿಟ್ಟ ಹುಡುಗಿಯನ್ನು ಗುಹೆಯಿಂದ ಬಿಡಿಸು, ಹೆಣಕ್ಕೆ ಗೋರಿ ಕಟ್ಟು ಎನ್ನುತ್ತದೆ ಹಿರಿಯರ ಮೇಳ. ಕ್ರಿಯಾನ ಮೊದಲು ಹೋಗುವುದು ಹೆಣದ ಬಳಿಗೆ. ಗುಹೆ ತಲುಪುವಾಗ ಅವಳು ಉರುಳು ಬಿಗಿದುಕೊಂಡಾಗಿದೆ.